ಸಾಲ್ಮೊನೆಲ್ಲಾ ಹುಡುಕೋಕೆ ಅಷ್ಟು ದಿನ ಯಾಕೆ?

ಮದುವೆ ಊಟ ಮಾಡಿ ಜನ ಆಸ್ಪತ್ರೆ ಸೇರಿದ್ರು ಅಂತ ಎಲ್ಲಾದ್ರೂ ನ್ಯೂಸ್ ಬಂದ್ರೆ ಸಾಕು, ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಮಾವ ನನ್ನನ್ನ ಟ್ಯಾಗ್ ಮಾಡ್ತಾರೆ, "ಏನಮ್ಮಾ, ನೀನು ಇದನ್ನೇ ಅಲ್ವಾ ರಿಸರ್ಚ್ ಮಾಡೋದು, ಕೋವಿಡ್ ಟೆಸ್ಟ್ ಥರ ಒಂದು ಕಿಟ್ಟಲ್ಲಿ ನೋಡಿಬಿಡಕ್ಕೆ ಆಗಲ್ವಾ?" ಆಗಲ್ಲ ಮಾವ. ಅಲ್ಲಿ ಉದ್ದ ಬರೆದ್ರೆ ಯಾರೂ ಓದಲ್ಲ, ಅದಕ್ಕೆ ಇಲ್ಲಿ.

ಮೊದಲು ಒಂದು ಮಾತು. ಊಟ ಆಗಿ ಎರಡು ಮೂರು ಗಂಟೆಗೇ ವಾಂತಿ ಶುರುವಾದ್ರೆ ಅದು ಹೆಚ್ಚಾಗಿ ಸಾಲ್ಮೊನೆಲ್ಲಾ (ಊಟದ ಜೊತೆ ಹೊಟ್ಟೆ ಸೇರಿ ಭೇದಿ, ಜ್ವರ ತರೋ ಬ್ಯಾಕ್ಟೀರಿಯಾ) ಅಲ್ಲ. ಸ್ಟೆಫೈಲೋಕಾಕಸ್ಸೋ, ಹೊರಗೇ ಇಟ್ಟ ಅನ್ನದಲ್ಲಿ ಬೆಳೆಯೋ ಬ್ಯಾಸಿಲಸ್ ಸೀರಿಯಸ್ಸೋ ಮೊದಲೇ ಆಹಾರದಲ್ಲಿ ಬಿಟ್ಟ ವಿಷ ಅದು, ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ, ಬ್ಯಾಕ್ಟೀರಿಯಾ ಸತ್ತಿದ್ರೂ ವಿಷ ಉಳಿದಿರತ್ತೆ. ಅದನ್ನ ಹುಡುಕೋ ದಾರಿನೇ ಬೇರೆ.

ನನ್ನ ಕೆಲಸ ಸಾಲ್ಮೊನೆಲ್ಲಾ, ಅದೂ ಮಸಾಲೆ ಪದಾರ್ಥಗಳಲ್ಲಿ. ಇಲ್ಲಿ ಎಷ್ಟಿದೆ ಅನ್ನೋ ಲೆಕ್ಕ ಇಲ್ಲ, 25 ಗ್ರಾಂನಲ್ಲಿ ಇರಲೇಬಾರ್ದು, ಅಷ್ಟೇ. ಆ 25 ಗ್ರಾಂನ 225 ಎಂಎಲ್ ಪೆಪ್ಟೋನ್ ವಾಟರ್‌ಗೆ (ಬ್ಯಾಕ್ಟೀರಿಯಾ ಬೆಳೆಯೋಕೆ ಆಹಾರ ಇರೋ ನೀರು) ಹಾಕ್ತೀವಿ, ಒಟ್ಟು ಸುಮಾರು 250 ಎಂಎಲ್. ಡಿಎನ್ಎನ ಕಾಪಿ ಮಾಡಿ ಮಾಡಿ ಹುಡುಕೋ ಪಿಸಿಆರ್ ಟೆಸ್ಟಿನ ಟ್ಯೂಬಿಗೆ ಹೋಗೋದು 5 ಮೈಕ್ರೋಲೀಟರ್, ಅಂದ್ರೆ ಐವತ್ತು ಸಾವಿರದಲ್ಲಿ ಒಂದು ಭಾಗ. ಇಡೀ ಬಾಟ್ಲಲ್ಲಿ ಇರೋದೇ ಒಂದು ಬ್ಯಾಕ್ಟೀರಿಯಾ ಅಂದ್ರೆ ಅದು ಆ ಹನಿಯೊಳಗೆ ಬರೋ ಚಾನ್ಸ್ ಎಷ್ಟು ನೀವೇ ಹೇಳಿ. ಮೂಟೆ ಅಕ್ಕಿಲಿ ಒಂದು ಚಮಚ ತೆಗೆದು ನೋಡಿ ಕಲ್ಲೇ ಇಲ್ಲ ಅಂದಂಗೆ.

ಅದಕ್ಕೇ ಮೊದಲು ಬೆಳೆಸ್ಬೇಕು. 37 ಡಿಗ್ರಿಲಿ ಒಂದು ರಾತ್ರಿ, ಆಮೇಲೆ ಬೇರೆ ಬ್ಯಾಕ್ಟೀರಿಯಾನ ತಡೆಯೋ ಬ್ರಾತಲ್ಲಿ (ಬೆಳೆಸೋ ದ್ರವ) 41.5 ಡಿಗ್ರಿಲಿ ಇನ್ನೊಂದು ದಿನ, ಆಮೇಲೆ ಎಕ್ಸ್‌ಎಲ್‌ಡಿ ಅನ್ನೋ ಜೆಲ್ಲಿ ಥರದ ಪ್ಲೇಟು, ಅದರ ಮೇಲೆ ಸಾಲ್ಮೊನೆಲ್ಲಾ ಇದ್ರೆ ನಡುವೆ ಕಪ್ಪಗಿರೋ ಕಾಲನಿ (ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆ) ಬರತ್ತೆ, ಆದ್ರೆ ಪ್ರೋಟಿಯಸ್ಸು, ಸಿಟ್ರೋಬ್ಯಾಕ್ಟರ್ ಅನ್ನೋ ಬೇರೆ ಬ್ಯಾಕ್ಟೀರಿಯಾಗಳೂ ಕಪ್ಪು ತೋರಿಸಿ ಯಾಮಾರಿಸ್ತವೆ, ಹಾಗಾಗಿ ಕನ್ಫರ್ಮ್ ಮಾಡೋಕೆ ಮತ್ತೆ ಒಂದೆರಡು ದಿನ. ಮೊದಲ ರಾತ್ರಿನ ಮಾತ್ರ ಕಡಿಮೆ ಮಾಡೋದು ಬಲು ಕಷ್ಟ. ಒಣ ಪುಡಿಲಿ ತಿಂಗಳುಗಟ್ಟಲೆ ಇದ್ದ ಬ್ಯಾಕ್ಟೀರಿಯಾ ಅರೆಜೀವ ಆಗಿರತ್ತೆ, ಅದು ಚೇತರಿಸ್ಕೊಂಡು ಡಬಲ್ ಆಗೋಕೆ ಶುರು ಮಾಡೋಕೇ ಗಂಟೆಗಟ್ಟಲೆ ಬೇಕು.

"ಎರಡೇ ಗಂಟೇಲಿ ರಿಸಲ್ಟ್ ಮೇಡಂ" ಅಂತ ಕಿಟ್ ಮಾರೋಕೆ ಬರೋರು ಇದನ್ನ ಹೇಳಲ್ಲ. ಆ ಎರಡು ಗಂಟೆ ಶುರುವಾಗೋದು ಬೆಳೆಸಿ ಮುಗಿದ ಮೇಲೆ, ಬ್ರೋಷರಲ್ಲಿ ಅದು ಇರುವೆ ಸೈಜಿನ ಅಕ್ಷರದಲ್ಲಿರತ್ತೆ. ಮೆಷಿನ್ ಇನ್ನೂ ಫಾಸ್ಟ್ ಮಾಡಿ ಏನು ಉಪಯೋಗ, ನಿಧಾನ ಇರೋದು ಅಲ್ಲಲ್ಲ ಅನ್ನೋದೇ ನನ್ನ ವಾದ.

ಇನ್ನು ಮಸಾಲೆ ಅಂದ್ರೆ ಅದರದ್ದೇ ರಗಳೆ. ಲವಂಗ ತಾನೇ ಬ್ಯಾಕ್ಟೀರಿಯಾನ ಕೊಲ್ಲತ್ತೆ, ಬಾಟ್ಲಲ್ಲಿದ್ದ ಸಾಲ್ಮೊನೆಲ್ಲಾ ಬೆಳೆಯೋಕೇ ಬಿಡಲ್ಲ, ರಿಪೋರ್ಟ್ ಸುಳ್ಳು ನೆಗೆಟಿವ್. ಅದಕ್ಕೆ ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ ಮ್ಯಾನ್ಯುಯಲ್ ಪ್ರಕಾರ ದಾಲ್ಚಿನ್ನಿನ ನೂರು ಪಟ್ಟು, ಲವಂಗನ ಸಾವಿರ ಪಟ್ಟು ತೆಳು ಮಾಡ್ಬೇಕು. 25 ಗ್ರಾಂ ಲವಂಗಕ್ಕೆ 25 ಲೀಟರ್ ಬ್ರಾತ್! ಇನ್‌ಕ್ಯುಬೇಟರಲ್ಲಿ ಎಲ್ಲಿಡೋದು ಹೇಳಿ. ಬೆಳ್ಳುಳ್ಳಿ ಈರುಳ್ಳಿ ಪುಡಿಗಾದ್ರೆ ಪೊಟ್ಯಾಶಿಯಂ ಸಲ್ಫೈಟ್ ಹಾಕಿದ್ರೆ ಅದರ ಬ್ಯಾಕ್ಟೀರಿಯಾ ಕೊಲ್ಲೋ ಗುಣ ಅಡಗತ್ತೆ, ಪುಣ್ಯ.

ಬೆಳೆಸೋ ಟೈಮು ಕಡಿಮೆ ಮಾಡೋಕೆ ಹೋದ್ರೆ ಇನ್ನೊಂದು ತಲೆನೋವು. ಹಬೆ ಕೊಟ್ಟು ಶುದ್ಧ ಮಾಡಿದ ಮೆಣಸಲ್ಲಿ ಸತ್ತ ಸಾಲ್ಮೊನೆಲ್ಲಾ ಇರಬಹುದು, ಅದರ ಡಿಎನ್ಎ ಹಾಗೇ ಉಳಿದಿದ್ರೆ ಪಿಸಿಆರ್ ಪಾಸಿಟಿವ್ ಅನ್ನತ್ತೆ. ಚೆನ್ನಾಗಿ ಬೆಳೆಸಿದ್ರೆ ಬದುಕಿರೋದರ ಡಿಎನ್ಎ ಮುಂದೆ ಅದು ಲೆಕ್ಕಕ್ಕೇ ಬರಲ್ಲ, ಆದ್ರೆ ಬರೀ ಆರೇಳು ಗಂಟೆ ಬೆಳೆಸಿದ್ರೆ ಯಾವುದು ಸತ್ತಿದ್ದು ಯಾವುದು ಬದುಕಿದ್ದು ಗೊತ್ತಾಗಲ್ಲ, ಸರಿಯಿರೋ ಮಾಲು ಸುಮ್ನೆ ರಿಜೆಕ್ಟ್. ಇದಕ್ಕೆ ಪಿಎಂಎ ಅಂತ ಒಂದು ಡೈ ಇದೆ, ಪೊರೆ ಹರಿದಿರೋ ಸತ್ತ ಕೋಶದೊಳಗೆ ಮಾತ್ರ ನುಗ್ಗತ್ತೆ, ಜೋರು ಬೆಳಕು ಬಿಟ್ರೆ ಡಿಎನ್ಎಗೆ ಅಂಟ್ಕೊಂಡು ಪಿಸಿಆರ್ ಆಗದಂಗೆ ಮಾಡತ್ತೆ. ಕೇಳೋಕೆ ಸೂಪರ್, ಆದ್ರೆ ಮೆಣಸಿನಪುಡಿ ಕಲಸಿದ ಆ ಬಗ್ಗಡದೊಳಗೆ ಬೆಳಕು ಹೋಗಬೇಕಲ್ಲ! ಸದ್ಯ ಪುಡಿ ಸೋಸಿ, ಸೆಂಟ್ರಿಫ್ಯೂಜ್ ಮಾಡಿ (ಜೋರಾಗಿ ತಿರುಗಿಸಿ ತಳಕ್ಕೆ ಕೂರಿಸಿ) ಬ್ಯಾಕ್ಟೀರಿಯಾನ ತಿಳಿಯಾದ ಬಫರ್ ದ್ರಾವಣಕ್ಕೆ ತಂದು ಆಮೇಲೆ ಡೈ ಹಾಕ್ತಿದೀನಿ, ಸೋಸುವಾಗ ಪುಡಿಗೆ ಅಂಟ್ಕೊಂಡ ಬ್ಯಾಕ್ಟೀರಿಯಾ ಎಷ್ಟು ಕೈಬಿಟ್ಟು ಹೋಗತ್ತೆ ಅನ್ನೋದನ್ನ ಮುಂದಿನ ವಾರ ಅಳೀಬೇಕು.