ಮೊದಲು ಸೋರುವುದು ಕರುಳು

14 ಅಕ್ಟೋಬರ್ 2025, ಮಂಗಳವಾರ

ಕುಡಿತದಿಂದ ಲಿವರ್ ಕೆಡುತ್ತದೆ ಎಂಬುದು ನಮ್ಮ ವಾರ್ಡಿಗೆ ಬರುವ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಕರುಳೂ ಸೋರತೊಡಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ರೋಗಿಗಳಿಗೆ ಪಥ್ಯ ಹೇಳುವ ಕೆಲಸ ನನ್ನದು. ಇಂದಿನ ಮಧ್ಯಾಹ್ನವೆಲ್ಲ ಇದನ್ನು ವಿವರಿಸುವುದರಲ್ಲೇ ಕಳೆಯಿತು.

ಕರುಳಿನ ಒಳಮೈಗೆ ಇರುವುದು ಒಂದೇ ಒಂದು ಪದರ ಜೀವಕೋಶ. ಅದರ ಮೇಲೆ ಲೋಳೆ, ಕೋಶಗಳ ನಡುವೆ ಬಿಗಿಯಾದ ಬೆಸುಗೆ. ಅತ್ತ ಕೋಟ್ಯಂತರ ಬ್ಯಾಕ್ಟೀರಿಯಾ, ಇತ್ತ ರಕ್ತ. ಮದ್ಯವೂ, ಅದು ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಕೂಡ ಈ ಬೆಸುಗೆಯನ್ನು ಸಡಿಲಿಸುತ್ತವೆ. ಆಗ ಬ್ಯಾಕ್ಟೀರಿಯಾದ ಹೊರಪೊರೆಯ ಚೂರುಗಳು, ಅಂದರೆ ಎಂಡೋಟಾಕ್ಸಿನ್, ರಕ್ತಕ್ಕೆ ನುಸುಳುತ್ತವೆ. ಕರುಳಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಹೋಗುವುದು ಲಿವರ್‌ಗೇ. ಲಿವರ್ ಪಡೆಯುವ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇದೇ ದಾರಿಯಲ್ಲಿ ಬರುತ್ತದೆ. ಅಲ್ಲಿ ಕಾವಲಿರುವ ಕುಪ್ಫರ್ ಕೋಶಗಳು ಆ ಚೂರುಗಳನ್ನು ಕಂಡೊಡನೆ ಉರಿಯೂತ ಎಬ್ಬಿಸುತ್ತವೆ. ಮದ್ಯ ನೇರವಾಗಿ ಕೊಟ್ಟ ಪೆಟ್ಟಿನ ಮೇಲೆ ಇದು ಎರಡನೆಯ ಪೆಟ್ಟು.

‘ವಾರಕ್ಕೊಮ್ಮೆ ಮಾತ್ರ’ ಎನ್ನುವವರೂ ಕೇಳಬೇಕು: ಆರೋಗ್ಯವಂತರು ಒಂದೇ ಸಲ ಮಿತಿಮೀರಿ ಕುಡಿದಾಗಲೂ ರಕ್ತದಲ್ಲಿ ಎಂಡೋಟಾಕ್ಸಿನ್ ಏರುವುದನ್ನು ಅಮೆರಿಕದ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ.

ಇಂದು ನೋಡಿದ ರೋಗಿಗೆ ನಲವತ್ತರ ಆಸುಪಾಸು. ಕಣ್ಣು ಅರಿಶಿನ, ಹೊಟ್ಟೆ ಬಿಗಿದ ತಮಟೆ, ತೋಳುಗಳಲ್ಲಿ ಮಾಂಸವೇ ಇಲ್ಲ. ಕೈ ಚಾಚಲು ಹೇಳಿದರೆ ಅಂಗೈಗಳು ತಟತಟನೆ ಕೆಳಗೆ ಬೀಳುತ್ತಿದ್ದವು. ಹೆಂಡತಿ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದದ್ದು ತಿಳಿಗಂಜಿ.

“ಬೇಳೆ, ಮೊಟ್ಟೆ ಕೊಟ್ಟರೆ ಲಿವರ್‌ಗೆ ಭಾರ ಅಂತ ನಿಲ್ಲಿಸಿದ್ದೇನೆ ಮೇಡಂ.”

“ಬೇಡಮ್ಮ, ನಿಲ್ಲಿಸಬೇಡಿ. ಹೊಟ್ಟೆಗೆ ಬೀಳದಿದ್ದರೆ ದೇಹ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ.”

ಇಂಥವರಿಗೆ ದಿನಕ್ಕೆ, ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿ ಇರಬಾರದು, ಮಲಗುವ ಮುನ್ನ ಏನಾದರೂ ತಿನ್ನಲೇಬೇಕು. ಭೇದಿಯಾಗುತ್ತದೆಂದು ಆಕೆ ಗಂಡನಿಗೆ ಲ್ಯಾಕ್ಟುಲೋಸ್ ಸಿರಪ್ ಕೊಡುವುದನ್ನೂ ಬಿಟ್ಟಿದ್ದರು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗಲೆಂದೇ ಅದನ್ನು ಕೊಡುವುದು. ಮಿದುಳನ್ನು ಮಂಕಾಗಿಸುವ ಅಮೋನಿಯಾ ಹೊರಹೋಗುವುದು ಅದರಿಂದಲೇ.

ಕರುಳಿನ ಬ್ಯಾಕ್ಟೀರಿಯಾವನ್ನೇ ಬದಲಿಸಿ ನೋಡಿದವರೂ ನಮ್ಮ ದೇಶದಲ್ಲಿದ್ದಾರೆ. ಕುಡಿತದಿಂದ ಲಿವರ್‌ಗೆ ತೀವ್ರ ಉರಿಯೂತವಾಗಿ, ಅದನ್ನು ತಗ್ಗಿಸುವ ಸ್ಟೀರಾಯ್ಡ್ ಔಷಧಿಯನ್ನೂ ಕೊಡಲಾಗದ ಸ್ಥಿತಿಯಲ್ಲಿದ್ದ ಎಂಟು ಮಂದಿಗೆ ದೆಹಲಿಯ ವೈದ್ಯರು ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರವವನ್ನು ಮೂಗಿನ ನಳಿಕೆಯ ಮೂಲಕ ಏಳು ದಿನ ಕೊಟ್ಟರು. ಒಂದು ವರ್ಷದ ನಂತರ ಏಳು ಮಂದಿ ಬದುಕಿದ್ದರು. ಹಿಂದೆ ಅದೇ ಸ್ಥಿತಿಯಲ್ಲಿದ್ದವರಲ್ಲಿ ಉಳಿದದ್ದು ಮೂರರಲ್ಲೊಂದು ಭಾಗ. 2017ರಲ್ಲಿ ಇದು ಪ್ರಕಟವಾಯಿತು. ಸಣ್ಣ ಪ್ರಯೋಗ, ನಿಜ. ಆದರೂ ಅದನ್ನು ಓದಿದಾಗ ನನಗೆ ಹುರುಪು ಬಂದಿತ್ತು.

ಆದರೆ ನಮ್ಮ ಜನಕ್ಕೆ ಇಂದೇ ಎಟಕುವ ಮದ್ದು ಕುಡಿತ ಬಿಡುವುದು. ಬೆಲ್ಜಿಯಂನಲ್ಲಿ ಕುಡಿತದ ಚಟವಿದ್ದವರನ್ನು ಪರೀಕ್ಷಿಸಿದಾಗ ಕೆಲವರ ಕರುಳು ಸೋರುತ್ತಿತ್ತು. ಮೂರು ವಾರ ಮದ್ಯ ಮುಟ್ಟದಿದ್ದಾಗ ಅದು ಮಾಮೂಲಿಗೆ ಮರಳಿತು. ಹೊಸ ಕೋಶಗಳು ಕೆಲವೇ ದಿನಗಳಲ್ಲಿ ಹುಟ್ಟಿ ಹಳೆಯವುಗಳ ಜಾಗಕ್ಕೆ ಬರುವ ಅಂಗ ಅದು, ಸ್ವಲ್ಪ ಬಿಡುವು ಕೊಟ್ಟರೆ ಸಾಕು. ಕುಡಿಯುತ್ತಲೇ ಲಿವರ್ ಟಾನಿಕ್ಕಿಗೂ ಪ್ರೋಬಯಾಟಿಕ್ (‘ಒಳ್ಳೆಯ ಬ್ಯಾಕ್ಟೀರಿಯಾ’) ಪುಡಿಗೂ ದುಡ್ಡು ಸುರಿಯುವುದು ಸೂರು ಸೋರುತ್ತಿರುವಾಗ ನೆಲ ಒರೆಸಿದಂತೆ. ಅದನ್ನು ಮಾರುವವರ ಮೇಲೆ ನನಗೆ ಸಿಟ್ಟಿದೆ. ಕೆಲವು ವೈರಸ್‌ಗಳಿಂದ ಬರುವ ಕಾಮಾಲೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಆ ಟಾನಿಕ್ಕಿಗೆ ಬರುತ್ತದೆ. ಕುಡಿತದ ಕಾಮಾಲೆ ಹಾಗೆ ಇಳಿಯುವುದಿಲ್ಲ.

“ಹಾಗಾದರೆ ಮನೆಗೆ ಹೋದ ಮೇಲೂ ಒಂದು ತೊಟ್ಟೂ ಮುಟ್ಟದಂತೆ ನಾನೇ ಕಾಯುತ್ತೇನೆ” ಎಂದರು ಆಕೆ. ಅವರೊಬ್ಬರ ಹೆಗಲಿಗೆ ಬಿಡುವ ಹೊರೆ ಇದಲ್ಲ. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ಆದ್ದರಿಂದ ಡಿಸ್ಚಾರ್ಜ್ ಆಗುವ ಮೊದಲೇ ಮನೋವೈದ್ಯರು ಇವರನ್ನು ನೋಡಲಿ ಎಂದು ಕೇಸ್ ಶೀಟಿನಲ್ಲಿ ಬರೆದು, ಡಾಕ್ಟರಿಗೂ ಹೇಳಿ ಬಂದಿದ್ದೇನೆ.