ಮುಳ್ಳು ಸೊನ್ನೆಗೆ ಬಿತ್ತು

ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗ. ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ ಮತ್ತು ಮಗಳು. ಇದ್ದಕ್ಕಿದ್ದಂತೆ ಎಂಜಿನ್ ಸದ್ದೇ ನಿಂತುಹೋಯಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಅಷ್ಟೇ. ಕನ್ನಡಿಯಲ್ಲಿ ನೋಡಿದರೆ ಬೆನ್ನಿಗೇ ಲಾರಿ.

ಹಜಾರ್ಡ್ ಲೈಟ್ ಹಾಕಿ, ಕ್ಲಚ್ ಒತ್ತಿ ಬದಿಗೆ ಎಳೆದೆ. ವೇಗ ಇಳಿದಂತೆಲ್ಲ ಸ್ಟೀರಿಂಗ್ ಭಾರವಾಯಿತು. ನಮ್ಮದು ಹಳೇ ಕಾರು. ಅದರ ಪವರ್ ಸ್ಟೀರಿಂಗ್‌ಗೆ ಎಂಜಿನ್ ತಿರುಗಬೇಕು. ಬ್ರೇಕ್ ಎರಡು ಸಲ ಸಲೀಸಾಗಿ ಹಿಡಿಯಿತು. ಮೂರನೇ ಸಲ ಪೆಡಲ್ ಕಲ್ಲು! ನಮ್ಮ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್‌ಗೆ ಎಂಜಿನ್ ಓಡುವಾಗ ಸಿಗುವ ವ್ಯಾಕ್ಯೂಮ್ (ನಿರ್ವಾತ) ಬೇಕು. ಅದರಲ್ಲಿ ಉಳಿದಿದ್ದದ್ದು ಅಷ್ಟರಲ್ಲಿ ಮುಗಿದಿತ್ತು. ಬ್ರೇಕ್ ಹೋಯಿತು ಅಂದುಕೊಂಡೆ. ಹೋಗಿರಲಿಲ್ಲ, ಸೀಟಿಗೆ ಬೆನ್ನು ಕೊಟ್ಟು ಜೋರಾಗಿ ತುಳಿದಾಗ ನಿಂತಿತು. ಗಾಬರಿಯಲ್ಲಿ ಕೀ ತೆಗೆಯಲಿಲ್ಲ, ಪುಣ್ಯ. ತೆಗೆದಿದ್ದರೆ ಸ್ಟೀರಿಂಗೇ ಲಾಕ್ ಆಗುತ್ತಿತ್ತು.

ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ಕೂರಿಸಿದೆ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್!

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ದೋಷ ಹೇಳುವ ಒಂದು ಕೋಡೂ ಬರಲಿಲ್ಲ. "ಗಾಡಿ ಚೆನ್ನಾಗೇ ಇದೆ ಸಾರ್, ಪೆಟ್ರೋಲಲ್ಲಿ ಕಸ ಇದ್ದಿರಬೇಕು" ಅಂತ ಫಿಲ್ಟರ್ ಬದಲಿಸಿ ಕಳಿಸಿದರು. ನಾನೂ ನಂಬಿದೆ. ನಂಬಿದರೆ ಸುಲಭ, ಅಲ್ವಾ?

ಮೂರೇ ದಿನ. ಸರ್ಕಲ್ ದಾಟುವಾಗ ಮತ್ತೆ ಆಫ್. ಈ ಸಲ ಹಿಂದಿನಿಂದ ಮಗಳು, "ಅಪ್ಪಾ, ಆವತ್ತೂ ಆ ಮುಳ್ಳು ಹೀಗೇ ಬಿತ್ತು" ಅಂದಳು.

"ಯಾವ ಮುಳ್ಳು?"

ಆರ್‌ಪಿಎಂ ಮುಳ್ಳು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವುದು. ನಾನು ರಸ್ತೆ ನೋಡುತ್ತಿದ್ದೆ, ಅವಳು ನಡುವೆ ಕೂತು ಅದನ್ನೇ ನೋಡುತ್ತಿದ್ದಳು.

ಬೇರೆ ಮೆಕ್ಯಾನಿಕ್ ಹತ್ತಿರ ಇದನ್ನು ಹೇಳಿದ್ದೇ ತಡ, ಅವರು ಕತ್ತೆತ್ತಿದರು. ಗಾಡಿ ಗೇರಿನಲ್ಲಿ ಉರುಳುತ್ತಿರುವಾಗ ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ಆಗಲೂ ಮುಳ್ಳು ಸೊನ್ನೆಗೆ ಬಿದ್ದರೆ, ತಿರುಗುವುದನ್ನು ಲೆಕ್ಕ ಇಡುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಅದರ ಸಿಗ್ನಲ್ ಇಲ್ಲದಿದ್ದರೆ ಸ್ಪಾರ್ಕ್ ಯಾವಾಗ ಕೊಡಬೇಕು, ಪೆಟ್ರೋಲ್ ಯಾವಾಗ ಬಿಡಬೇಕು ಅಂತ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಅವರು ಸೆನ್ಸರ್ ಬಿಚ್ಚಿ, ಬಿಸಿಗಾಳಿ ಬಿಟ್ಟು ಮೀಟರ್ ಹಿಡಿದರು. ಬಿಸಿಯಾದಾಗ ಒಳಗಿನ ತಂತಿ ಬಿಟ್ಟುಕೊಳ್ಳುತ್ತಿತ್ತು, ತಣ್ಣಗಾದರೆ ಕೂಡಿಕೊಳ್ಳುತ್ತಿತ್ತು. ಗ್ಯಾರೇಜಿನಲ್ಲಿ ಸುಮ್ನೆ ನಿಂತ ಗಾಡಿ ಎಲ್ಲಿ ಸಿಕ್ಕಿಬೀಳಬೇಕು!

ಹೆಬ್ಬೆರಳಿನಷ್ಟು ವಸ್ತು ಅದು. ಬದಲಿಸಿದ ಮೇಲೆ ತೊಂದರೆ ಇಲ್ಲ. ಆದರೂ ಒಂದು ಭಾನುವಾರ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹೆಂಡತಿಗೆ ಬ್ರೇಕ್ ತುಳಿಯಲು ಹೇಳಿದೆ. ಅವಳೂ ಇದೇ ಕಾರು ಓಡಿಸುತ್ತಾಳೆ. ಮೂರನೇ ಸಲಕ್ಕೆ ನನ್ನ ಕಡೆ ತಿರುಗಿದಳು.

"ಇಷ್ಟು ಗಟ್ಟೀನಾ?"

"ಇನ್ನೂ ಜೋರಾಗಿ ತುಳಿ" ಅಂದೆ.