ಹುಡುಗರಿಗೆ ಒಂದೂ ಇಲ್ಲ

ಫೆಬ್ರವರಿ ಎರಡನೇ ವಾರ ಬಂತೆಂದರೆ ಜಪಾನಿನ ಕೋಬೆಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ತನಕ ಚಾಕೊಲೇಟ್ ಘಮ. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಪುಟ್ಟ ಪುಟ್ಟ ಪೊಟ್ಟಣ ಕಟ್ಟುತ್ತಿದ್ದಳು. ಇದರಲ್ಲಿ ಹುಡುಗರಿಗೆ ಯಾವುದು ಎಂದು ಕೇಳಿದ್ದಕ್ಕೆ, "ಒಂದೂ ಇಲ್ಲ. ಅವರು ತಿಂದು ಮರೆತುಬಿಡ್ತಾರೆ. ಗೆಳತಿಯರಾದ್ರೆ ತಾವೂ ಮಾಡಿ ಕೊಡ್ತಾರೆ" ಎಂದಳು.

ಜಪಾನಿನಲ್ಲಿ ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಚಾಕೊಲೇಟ್ ಕೊಡುವವರು ಹೆಂಗಸರು, ತೆಗೆದುಕೊಳ್ಳುವವರು ಗಂಡಸರು. ಮನಸ್ಸು ಕೊಟ್ಟವನಿಗೆ ಹೊನ್‌ಮೇಯಿ ಚೋಕೊ, ಆಫೀಸಿನವರಿಗೆ ದಾಕ್ಷಿಣ್ಯದ ಗಿರಿ ಚೋಕೊ. ಈ ಹುಡುಗಿ ಕಟ್ಟುತ್ತಿದ್ದದ್ದು ತೊಮೊ ಚೋಕೊ, ಅಂದರೆ ಗೆಳತಿಯರ ಪಾಲು.

ಹಬ್ಬ ಹುಟ್ಟಿದ್ದು ಅಂಗಡಿಯಲ್ಲಿ. ಇದೇ ಕೋಬೆಯ ಮೊರೊಜೋಫ್ ಕಂಪನಿ 1936ರಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರೇಮಿಗಳ ದಿನಕ್ಕೆ ಚಾಕೊಲೇಟ್ ಕೊಡಿ ಎಂದು ಜಾಹೀರಾತು ಹಾಕಿತು. 1958ರಲ್ಲಿ ಟೋಕಿಯೊದ ಇಸೆತಾನ್ ಮಳಿಗೆಯಲ್ಲಿ ಮೇರಿ ಚಾಕೊಲೇಟ್ ಕಂಪನಿಯವರು ಮೂರು ದಿನ ಮಾರಿದರು. ಗಿಟ್ಟಿದ್ದು 170 ಯೆನ್. ಹೆಣ್ಣು ತಾನಾಗಿ ಪ್ರೀತಿ ಹೇಳಿಕೊಳ್ಳುವ ದಿನ ಎಂಬ ಮಾತು ಸೇರಿಕೊಂಡ ಮೇಲೆ ವ್ಯಾಪಾರ ಕುದುರಿತು. ಗಂಡಸರು ಮಾರ್ಚ್ 14ಕ್ಕೆ ಮರಳಿ ಕೊಡುವ ವೈಟ್ ಡೇ 1980ರ ಹೊತ್ತಿಗೆ ಬಂತು. ಅದೂ ಮಿಠಾಯಿ ತಯಾರಕರದೇ ಯೋಜನೆ. ಇಷ್ಟಾಗಿಯೂ ಗಿರಿ ಚೋಕೊ ಹೆಂಗಸರಿಗೆ ಹೊರೆಯೇ ಆಯಿತು. ಅದನ್ನು ನಿಲ್ಲಿಸೋಣ ಎಂದು 2018ರಲ್ಲಿ ಪತ್ರಿಕೆಯ ಪೂರ್ತಿ ಪುಟದಲ್ಲಿ ಕೇಳಿದ್ದು ಗೊಡೈವಾ, ಅದೂ ಚಾಕೊಲೇಟ್ ಕಂಪನಿಯೇ.

ಮಕ್ಕಳ ಕೈಗೆ ಒಗ್ಗುವುದು ನಾಮ ಚೋಕೊ, ಅಂದರೆ ಕ್ರೀಮ್ ಬೆರೆಸಿದ ಮೆತ್ತನೆಯ ಚಾಕೊಲೇಟ್. ಬರೀ ಚಾಕೊಲೇಟ್ ಕರಗಿಸಿ ಅಚ್ಚಿಗೆ ಹೊಯ್ದರೆ ಅದರ ಕೋಕೋ ಬೆಣ್ಣೆ ಸರಿಯಾಗಿ ಹರಳುಗಟ್ಟದೆ ಮೇಲೆ ಬಿಳಿ ಮಚ್ಚೆ ಏಳುತ್ತದೆ. ಅದನ್ನು ತಪ್ಪಿಸಲು ಡಾರ್ಕ್ ಚಾಕೊಲೇಟನ್ನು 50 ಡಿಗ್ರಿಗೆ ಕರಗಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಬೇಕು. ಕರಗುವಾಗ ಒಂದು ಹನಿ ನೀರು ಬಿದ್ದರೂ ಗಂಟುಕಟ್ಟುತ್ತದೆ. ನಾಮ ಚೋಕೊಗೆ ಈ ಕಾಟವಿಲ್ಲ. 200 ಗ್ರಾಂ ಚಾಕೊಲೇಟನ್ನು ಸಣ್ಣಗೆ ಹೆಚ್ಚಬೇಕು. ದಪ್ಪ ಚೂರು ಕರಗದೆ ಉಳಿಯುತ್ತದೆ. 100 ಮಿಲಿ ಕ್ರೀಮ್ ಅಂಚಿನಲ್ಲಿ ಗುಳ್ಳೆ ಬರುತ್ತಿದ್ದಂತೆ ಇಳಿಸಿ ಅದರ ಮೇಲೆ ಸುರಿದು, ಒಂದು ನಿಮಿಷ ಬಿಟ್ಟು, ನಡುವಿನಿಂದ ನಿಧಾನ ಕಲಕಬೇಕು. ಕ್ರೀಮ್ ಕುದ್ದು ಹೋದರೆ ಜಿಡ್ಡು ಒಡೆದು ತೇಲುತ್ತದೆ. ಆಗ ಬೆಚ್ಚನೆ ಹಾಲನ್ನು ಒಂದೊಂದೇ ಚಮಚ ಸೇರಿಸಿ ಕಲಕಿದರೆ ಹೆಚ್ಚಾಗಿ ಕೂಡಿಕೊಳ್ಳುತ್ತದೆ. ಬೆಣ್ಣೆ ಕಾಗದ ಹಾಸಿದ ತಟ್ಟೆಗೆ ಹಾಕಿ ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟು, ಬಿಸಿನೀರಿಗೆ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿ ಕೋಕೋ ಪುಡಿ ಉದುರಿಸುತ್ತಾರೆ.

ಚಾಕೊಲೇಟ್ ನಮ್ಮ ದಕ್ಷಿಣ ಕನ್ನಡಕ್ಕೆ ಹೊರಗಿನದಲ್ಲ. ಅಡಿಕೆ ತೋಟದ ನೆರಳಲ್ಲಿ ಕೋಕೋ ಬೆಳೆಯುತ್ತದೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಅದೇ ಜಿಲ್ಲೆಯ ಮಂಗಳೂರಿನಲ್ಲಿ 2009ರ ಜನವರಿಯಲ್ಲಿ ಪಬ್ಬಿಗೆ ಹೋದ ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೊಡೆದರು. ಆಮೇಲೆ ಪ್ರೇಮಿಗಳ ದಿನ ಆಚರಿಸುವವರಿಗೂ ಬೆದರಿಕೆ ಬಂತು. ಇಲ್ಲಿ ಜಪಾನಿನಲ್ಲಿ ವ್ಯಾಪಾರಿಗಳು ಕಟ್ಟಿದ ಹಬ್ಬವನ್ನು ಐದನೇ ಕ್ಲಾಸಿನ ಹುಡುಗಿ ತನಗೆ ಬೇಕಾದಂತೆ ತಿರುಗಿಸಿಕೊಂಡಿದ್ದಾಳೆ, ಯಾರೂ ತಡೆದಿಲ್ಲ. ನಮ್ಮಲ್ಲಿ ಗುಲಾಬಿ ಹಿಡಿದು ಪಾರ್ಕಿನಲ್ಲಿ ಕೂತವರು ಸುತ್ತಮುತ್ತ ನೋಡಿಕೊಳ್ಳಬೇಕಾದೀತು. ಈ ವ್ಯತ್ಯಾಸ ನೋಯಿಸುತ್ತದೆ.

ಊರಿನಲ್ಲಿ ಮಾಡುವವರು ಪೊಟ್ಟಣದ ಹಿಂದೆ ಕೋಕೋ ಬೆಣ್ಣೆ ಎಂದಿದೆಯೇ ನೋಡಿ. ವನಸ್ಪತಿ ಕೊಬ್ಬಿನ ಕಾಂಪೌಂಡ್ ಚಾಕೊಲೇಟಿನಲ್ಲಿ ಆ ನುಣುಪು ಬರದು. ಜಪಾನಿನ ಕ್ರೀಮಿನಲ್ಲಿ ಕೊಬ್ಬು ಶೇ. 35ಕ್ಕೂ ಹೆಚ್ಚು, ನಮ್ಮ ಪೊಟ್ಟಣದ್ದರಲ್ಲಿ ಸಾಮಾನ್ಯವಾಗಿ ಶೇ. 25, ನೀರಿನಂಶ ಜಾಸ್ತಿ. ಹಾಗಾಗಿ 80 ಮಿಲಿ ಸಾಕು. ಕರಾವಳಿಯ ಫೆಬ್ರವರಿ ಸೆಕೆಗೆ ಹೊರಗಿಟ್ಟರೆ ಕರಗುತ್ತದೆ. ಫ್ರಿಜ್ಜಿನಿಂದ ತೆಗೆದು ನೇರ ಗೆಳತಿಯ ಕೈಗೆ ಕೊಡಿ, ಮೂರು ದಿನದೊಳಗೆ ತಿಂದು ಮುಗಿಸಲು ಹೇಳಿ.